ಲಾಗ್ ಫೈಲ್ ಕೇಳಿದರೆ ಕಣ್ಣು ಮುಚ್ಚಿ ಕಳುಹಿಸಬೇಡಿ

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವವರು ದಯವಿಟ್ಟು ಇದನ್ನು ಓದಿ. ನಿನ್ನೆ ಸಂಜೆಯಿಂದ ನನಗೆ ಕೈಕಾಲೇ ಆಡುತ್ತಿಲ್ಲ.

ಎರಡು ವರ್ಷದ ಹಿಂದೆ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆ. ಯಾರು ಎಷ್ಟು ಮೂಟೆ ಚೆರಿ ತಂದರು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಎಷ್ಟು ಬಂತು, ಯಾವ ಬೆಳೆಗಾರರ ಖಾತೆಗೆ ಎಷ್ಟು ಹಣ ಹಾಕಬೇಕು, ಎಲ್ಲವೂ ಅದರಲ್ಲೇ. ಜನವರಿಯಲ್ಲಿ ಅಂಗಡಿಯ ಮುಂದೆ ಜೀಪುಗಳು ಸಾಲುಗಟ್ಟಿದ್ದಾಗಲೇ ಅದು ಕೈಕೊಟ್ಟಿತು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ, ‘ಸರ್, ಲಾಗ್ ಫೈಲನ್ನು ನಮ್ಮ ಗ್ರಾಹಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ನೋಡುತ್ತೇವೆ’ ಎಂದರು. ಲಾಗ್ ಫೈಲ್ ಎಂದರೆ ಸಾಫ್ಟ್‌ವೇರ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ಕಡತ. ಎಲ್ಲರೂ ಹಾಕುತ್ತಿದ್ದರು, ನಾನೂ ಹಾಕಿದೆ. ಒಂದು ಸಲವಲ್ಲ, ಮೂರು ಸಲ.

ನಿನ್ನೆ ಇಂಜಿನಿಯರಿಂಗ್ ಓದುವ ತಂಗಿಯ ಮಗ ಬಂದಿದ್ದ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ‘ಮಾವ, ಇದು ನಿಮ್ಮ ಪಾಸ್‌ವರ್ಡ್ ಅಲ್ಲವೇ?’ ಎಂದ. ದಿನಾಂಕ, ಸಮಯ, ನನ್ನ ಲಾಗಿನ್ ಹೆಸರು, ಅದರ ಪಕ್ಕದಲ್ಲೇ ಮಗಳ ಹೆಸರು ಮತ್ತು ಅವಳು ಹುಟ್ಟಿದ ವರ್ಷ. ಒಂದಕ್ಷರವನ್ನೂ ಮರೆಮಾಡಿರಲಿಲ್ಲ. ನಾನು ಟೈಪ್ ಮಾಡುವಾಗ ಪರದೆಯ ಮೇಲೆ ಬರೀ ಚುಕ್ಕಿ ತೋರಿಸುತ್ತಿದ್ದ ಅದೇ ಸಾಫ್ಟ್‌ವೇರ್, ಒಳಗೊಳಗೇ ಅದನ್ನು ಅಕ್ಷರ ಬಿಡದೆ ಬರೆದಿಟ್ಟುಕೊಂಡಿತ್ತು. ಲೆಕ್ಕ ಬರೆಯುವ ಹುಡುಗನ ಪಾಸ್‌ವರ್ಡ್ ಕೂಡ ಅಲ್ಲಿತ್ತು. ಮೂರು ಸಲ ನಾನೇ, ನನ್ನ ಕೈಯಾರೆ, ಅದನ್ನು ಗುಂಪಿಗೆ ಹಾಕಿದ್ದೇನೆ. ಆ ಗುಂಪಿನಲ್ಲಿ ನನ್ನ ಜೊತೆ ದರಕ್ಕೆ ಪೈಪೋಟಿ ನಡೆಸುವವರೇ ಇದ್ದಾರೆ. ನನ್ನ ಇಮೇಲಿಗೂ ಅದೇ ಪಾಸ್‌ವರ್ಡ್ ಇತ್ತು. ಅವನ ಮುಂದೆ ತಲೆ ಎತ್ತಲಾಗಲಿಲ್ಲ.

ತಕ್ಷಣ ಫೋನ್ ಮಾಡಿದೆ. ಮೊದಲು, ‘ಅದು ನಮ್ಮ ತಾಂತ್ರಿಕ ತಂಡಕ್ಕೆ ಮಾತ್ರ ಅರ್ಥವಾಗುವುದು ಸರ್’ ಎಂದರು. ನನ್ನ ಮಗಳ ಹೆಸರನ್ನು ಓದುವುದಕ್ಕೆ ಯಾವ ತಂತ್ರಜ್ಞಾನ ಬೇಕು? ಆಮೇಲೆ, ‘ಡೀಬಗ್ ಮೋಡ್ ಆನ್ ಆಗಿ ಉಳಿದಿರಬೇಕು.’ ದೋಷ ಹುಡುಕಲು ಎಲ್ಲವನ್ನೂ ವಿವರವಾಗಿ ಬರೆದಿಡುವ ವ್ಯವಸ್ಥೆಯಂತೆ ಅದು. ಆನ್ ಮಾಡಿದವರು ಅವರೇ. ‘ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ ಆಗಿಯೇ ಇದೆ, ಭದ್ರ’ ಎಂದೂ ಹೇಳಿದರು. ಹ್ಯಾಶ್ ಎಂದರೆ ಮೂಲ ಅಕ್ಷರಗಳನ್ನು ಮರಳಿ ಪಡೆಯಲಾಗದ ಹಾಗೆ ಮಾರ್ಪಡಿಸಿ ಇಡುವುದಂತೆ. ಹಾಗೆ ಮಾಡುವ ಮೊದಲೇ ಲಾಗ್‌ನಲ್ಲಿ ಬರೆದುಬಿಟ್ಟರೆ ಆ ಭದ್ರತೆ ಯಾರಿಗೆ ಬೇಕು? ಕೊನೆಗೆ, ‘ಟ್ವಿಟರ್‌ನಲ್ಲೇ ಹೀಗಾಗಿತ್ತು ಸರ್’ ಎಂದರು.

ಆಗಿತ್ತು, ನಿಜ. 2018ರ ಮೇ ತಿಂಗಳಲ್ಲಿ. ಆದರೆ ಟ್ವಿಟರ್‌ನವರು ತಾವಾಗಿಯೇ ಒಪ್ಪಿಕೊಂಡು, ಸುಮಾರು 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಹೇಳಿದರು. ಫೇಸ್‌ಬುಕ್ ಕೂಡ ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆಯೇ ಇಟ್ಟುಕೊಂಡಿದ್ದಕ್ಕೆ 2024ರಲ್ಲಿ ಐರ್ಲೆಂಡ್‌ನ ದತ್ತಾಂಶ ಸಂರಕ್ಷಣಾ ಆಯೋಗ ಅದರ ಒಡೆತನದ ಮೆಟಾ ಕಂಪನಿಗೆ 9.1 ಕೋಟಿ ಯೂರೋ ದಂಡ ಹಾಕಿತು. ಇವರು ನನಗೆ ಒಂದು ಮಾತು ಹೇಳಿದರೇ? ಪ್ರತಿ ವರ್ಷ ನಿರ್ವಹಣಾ ಶುಲ್ಕವನ್ನು ಮಾತ್ರ ತಪ್ಪದೆ ವಸೂಲಿ ಮಾಡಿದರು.

ನಿಮ್ಮಲ್ಲೂ ಇಂಥ ಸಾಫ್ಟ್‌ವೇರ್ ಇದ್ದರೆ ಇಂದೇ ಲಾಗ್ ಫೈಲನ್ನು ತೆರೆಯಿರಿ, ಅದರಲ್ಲಿ ನಿಮ್ಮ ಪಾಸ್‌ವರ್ಡ್ ಹುಡುಕಿ. ಸಿಕ್ಕಿದರೆ ಮೊದಲು ಲಾಗ್‌ನಲ್ಲಿ ಬರೆಯುವುದನ್ನು ನಿಲ್ಲಿಸಲು ಹೇಳಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ಹೊಸದೂ ಅಲ್ಲೇ ಹೋಗಿ ಕೂರುತ್ತದೆ. ಬೇರೆಡೆ ಅದೇ ಪಾಸ್‌ವರ್ಡ್ ಇದ್ದರೆ ಅಲ್ಲಿಯೂ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುಂಪಿನಲ್ಲಿರುವ ನನ್ನ ಮೂರು ಫೈಲುಗಳನ್ನು ಅಳಿಸಿ ಎಂದು ರಾತ್ರಿಯೇ ಅವರಿಗೆ ಸಂದೇಶ ಕಳುಹಿಸಿದ್ದೇನೆ. ಓದಿದ್ದಾರೆ, ಉತ್ತರವಿಲ್ಲ. ಇಷ್ಟರಲ್ಲಿ ಯಾರ‍್ಯಾರ ಮೊಬೈಲಿಗೆ ಅವು ಇಳಿದಿವೆಯೋ ದೇವರೇ ಬಲ್ಲ. ಆಲ್ದೂರು, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡಿ, ‘ನಿಮ್ಮ ಖಾತೆಯ ವಿವರ ನನ್ನಿಂದ ಹೊರಗೆ ಹೋಗಿರಬಹುದು’ ಎಂದು ಹೇಳುತ್ತಿದ್ದೇನೆ. ಇನ್ನೂ ಅರ್ಧ ಜನ ಉಳಿದಿದ್ದಾರೆ.