ರೇಸ್ ಟಿಕೆಟ್ ಕೊಳ್ಳುವ ಮುನ್ನ ಸ್ಪಾ 2021 ನೆನಪಿರಲಿ

2021ರ ಆಗಸ್ಟ್ 29, ಭಾನುವಾರ. ಬೆಲ್ಜಿಯಂನ ಸ್ಪಾ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ರೇಸು ಮಧ್ಯಾಹ್ನ 3ಕ್ಕೆ ಶುರುವಾಗಿ 44 ಸುತ್ತು ನಡೆಯಬೇಕಿತ್ತು. ಮಳೆ ಬಿಡಲಿಲ್ಲ. ಕಾರುಗಳು ತಡವಾಗಿ ಹೊರಟು, ಯಾರೂ ಹಿಂದಿಕ್ಕದಂತೆ ನಿಧಾನವಾಗಿ ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ ಸಾಲಾಗಿ ಎರಡು ಸುತ್ತು ಬಂದು ನಿಂತವು. ಆಮೇಲೆ ಹತ್ತಿರ ಹತ್ತಿರ ಮೂರು ತಾಸು ಟ್ರ್ಯಾಕ್ ಖಾಲಿ. ಸಂಜೆ 6 ದಾಟಿದ ಮೇಲೆ ಮತ್ತೆ ಸೇಫ್ಟಿ ಕಾರಿನ ಹಿಂದೆಯೇ ಕೆಲವು ಸುತ್ತು, ಮತ್ತೆ ರೇಸು ನಿಲ್ಲಿಸುವ ಕೆಂಪು ಬಾವುಟ, ಅಲ್ಲಿಗೆ ಮುಗಿಯಿತು. ಫಲಿತಾಂಶಕ್ಕೆ ಹಿಡಿದದ್ದು ಒಂದೇ ಸುತ್ತು. ಚಾಲಕರಾದ ವರ್ಸ್ಟಾಪನ್, ರಸೆಲ್, ಹ್ಯಾಮಿಲ್ಟನ್ ಹೊರಟ ಕ್ರಮದಲ್ಲೇ ಮೊದಲ ಮೂರು ಸ್ಥಾನ ಪಡೆದರು, ಎಂದಿನ ಅಂಕಗಳ ಅರ್ಧದಷ್ಟು ಹಂಚಲಾಯಿತು. ಬೆಳಗಿನಿಂದ ನೆನೆದು ಕೂತವರಿಗೆ ಒಂದು ಓವರ್‌ಟೇಕ್ ಕೂಡ ನೋಡಲು ಸಿಗಲಿಲ್ಲ. ಜನರಿಗೆ ಹಣ ವಾಪಸ್ ಕೊಡಬೇಕೆಂದು ಹ್ಯಾಮಿಲ್ಟನ್ ಅವರೇ ಹೇಳಿದರೂ ಟಿಕೆಟ್ ಹಣ ಮರಳಲಿಲ್ಲ.

'ಮಳೆ ಟೈರ್ ಇರುವುದೇ ಮಳೆಗೆ ತಾನೆ?' ಎಂದು ಈಗಲೂ ಕೇಳುವವರಿದ್ದಾರೆ. ತೊಂದರೆ ಹಿಡಿತದ್ದಲ್ಲ, ಕಣ್ಣಿನದು. ಪೂರ್ಣ ಮಳೆ ಟೈರ್ ಒಂದೊಂದೂ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರನ್ನು ಹೊರಗೆಸೆಯುತ್ತದೆ. ಆ ನೀರು ಮಂಜಿನಂತೆ ಮೇಲೆದ್ದು ಹಿಂದಿನ ಚಾಲಕನ ಮುಖಕ್ಕೆ ಕವಿಯುತ್ತದೆ. ಮೊದಲನೆಯವನಿಗೆ ರಸ್ತೆ ಕಾಣುತ್ತದೆ, ಹತ್ತನೆಯವನಿಗೆ ಮುಂದಿನ ಕಾರಿನ ಕೆಂಪು ದೀಪವೂ ಕಾಣುವುದಿಲ್ಲ. ಮೇಲಾಗಿ ಸ್ಪಾದ ರೆಡಿಯೋನ್ ಏರು ತಿರುವಿನ ಆಚೆ ಏನಿದೆಯೆಂದು ಕೆಳಗಿನಿಂದ ಕಾಣುವುದೇ ಇಲ್ಲ. ಹಿಂದಿನ ದಿನವಷ್ಟೇ ಹೊರಡುವ ಕ್ರಮ ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ ಚಾಲಕ ನಾರಿಸ್ ಅಲ್ಲೇ ಕಾರು ಜಖಂ ಮಾಡಿಕೊಂಡಿದ್ದರು. ಹಾಗಾಗಿ ರೇಸು ನಿಲ್ಲಿಸಿದ್ದು ಸರಿ. ಪ್ರೇಕ್ಷಕರನ್ನು ನಡೆಸಿಕೊಂಡ ರೀತಿಯ ಬಗ್ಗೆ ಹಾಗೆ ಹೇಳುವಂತಿಲ್ಲ.

2022ರಿಂದ ನಿಯಮ ಬದಲಾಯಿತು: ಸೇಫ್ಟಿ ಕಾರಿಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಅಂಕವೇ ಇಲ್ಲ. ಇದರಿಂದ ಸಮಸ್ಯೆ ಬಗೆಹರಿಯಿತು ಎಂದುಕೊಳ್ಳಬೇಡಿ. ಅದು ತಂಡಗಳ ಅಂಕದ ಲೆಕ್ಕ, ನಿಮ್ಮ ಟಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಟಿಕೆಟ್ ಕೊಳ್ಳುವಾಗ ಷರತ್ತುಗಳಲ್ಲಿ ಹುಡುಕಬೇಕಾದ ವಾಕ್ಯ ಒಂದಿದೆ: ಕಾರ್ಯಕ್ರಮ 'ನಡೆಯಿತು' ಎಂದು ಯಾವಾಗ ಲೆಕ್ಕ? ಮೂರು ದಿನದ ಟಿಕೆಟ್ ಆದರೆ ಶುಕ್ರವಾರ, ಶನಿವಾರ ಕಾರು ಓಡಿದ್ದನ್ನೂ ತೋರಿಸಿ ಆಯೋಜಕರು ಕೈತೊಳೆದುಕೊಳ್ಳಬಹುದು. 2023ರ ಲಾಸ್ ವೇಗಸ್‌ ರೇಸಿನಲ್ಲಿ ಚಾಲಕ ಕಾರ್ಲೋಸ್ ಸೈನ್ಸ್ ಅವರ ಫೆರಾರಿ ಕಾರು ರಸ್ತೆಯ ನೀರಿನ ವಾಲ್ವ್ ಮುಚ್ಚಳಕ್ಕೆ ಬಡಿದು ಮೊದಲ ಅಭ್ಯಾಸ ಎಂಟೇ ನಿಮಿಷಕ್ಕೆ ನಿಂತಿತು. ಎರಡನೆಯದು ನಸುಕಿನ ಎರಡೂವರೆಗೆ ಶುರುವಾಗುವ ಹೊತ್ತಿಗೆ ಜನರನ್ನು ಹೊರಗೆ ಕಳಿಸಿಯಾಗಿತ್ತು. ಆ ಒಂದೇ ದಿನದ ಟಿಕೆಟ್ ಕೊಂಡವರಿಗೆ ಸಿಕ್ಕಿದ್ದು ರೇಸಿನ ಅಂಗಡಿಯಲ್ಲಿ ಬಳಸುವ 200 ಡಾಲರ್ ಕೂಪನ್. ಟೀ-ಶರ್ಟ್ ಕೊಳ್ಳಲು ಸಾಕು.

ಮರುಮಾರಾಟದ ಟಿಕೆಟ್ ಇನ್ನೂ ಅಪಾಯ. ರೇಸು ಪೂರ್ತಿ ರದ್ದಾಗಿ ಹಣ ಮರಳಿಸಿದರೂ ಅದು ಸಾಮಾನ್ಯವಾಗಿ ಮೊದಲು ಕೊಂಡವರ ಖಾತೆಗೆ ಹೋಗುತ್ತದೆ, ನಿಮಗಲ್ಲ.

ಇನ್ನು ರೇಸಿನ ದಿನದ ತಯಾರಿ. ಕೊಡೆ ನಂಬಿ ಹೋಗಬೇಡಿ. ಹಿಂದೆ ಕೂತವರಿಗೆ ಅಡ್ಡವಾಗುತ್ತದೆಂದು ಹಲವು ಗ್ರ್ಯಾಂಡ್‌ಸ್ಟ್ಯಾಂಡ್‌ಗಳಲ್ಲಿ ಬಿಚ್ಚಲು ಬಿಡುವುದಿಲ್ಲ, ಗಾಳಿಗೆ ತಿರುಗಿಕೊಳ್ಳುವುದು ಬೇರೆ. ಸರ್ಕ್ಯೂಟಿನಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಹೊದಿಕೆ ಬ್ಯಾಗಿನ ಪಟ್ಟಿ ಉಜ್ಜಿದಲ್ಲೇ ಹರಿಯುತ್ತದೆ. ಹೊಲಿಗೆಗೆ ಟೇಪ್ ಹಾಕಿದ ರೇನ್‌ಕೋಟು, ಜೊತೆಗೆ ಮಳೆಪ್ಯಾಂಟು, ಎರಡೂ ಬೇಕು. ಕೋಟಿನಿಂದ ಇಳಿದ ನೀರು ತೊಡೆಯ ಮೇಲೇ ಬೀಳುತ್ತದೆ. ಕಾಲಿಗೆ ಗಂಬೂಟು. ಎರಡು ಜೊತೆ ಒಣ ಕಾಲುಚೀಲ ಜಿಪ್ ಚೀಲದಲ್ಲಿ, ಕೂರಲು ನೀರು ಹೀರದ ಫೋಮ್ ಚೂರು. ಗೊತ್ತಾದ ಆಸನವಿಲ್ಲದ ಜನರಲ್ ಅಡ್ಮಿಷನ್ ಟಿಕೆಟ್ ಇದ್ದರೆ ಹುಲ್ಲಿನ ಇಳಿಜಾರಿನಲ್ಲಿ ಬುಡದ ಜಾಗ ಹಿಡಿಯಬೇಡಿ, ಮೇಲಿನ ನೀರು, ಮೇಲೆ ಜಾರಿದವರು, ಎಲ್ಲ ಅಲ್ಲಿಗೇ ಬಂದು ಸೇರುತ್ತಾರೆ.

ಬಂದ ಮೇಲೆ ಸುದ್ದಿ ಸಿಗದಿರುವುದೇ ದೊಡ್ಡ ಹಿಂಸೆ. ಸಾವಿರಾರು ಜನ ಒಂದೇ ಟವರ್‌ಗೆ ಜೋತುಬಿದ್ದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಟಿಕೆಟ್ಟನ್ನೂ ದಾರಿಯ ನಕ್ಷೆಯನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಕೆಲವು ಟಿಕೆಟ್‌ಗಳ ಕ್ಯೂಆರ್ ಕೋಡ್ ಆಗಾಗ ಬದಲಾಗುತ್ತದೆ, ಅಂಥವಕ್ಕೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ನಿಯಂತ್ರಣ ಕೊಠಡಿಯ ತೀರ್ಮಾನ ತಿಳಿಯಲು ಇಯರ್‌ಫೋನ್ ಹಾಕುವ ಪುಟ್ಟ ಎಫ್‌ಎಂ ರೇಡಿಯೊ ವಾಸಿ. ಸರ್ಕ್ಯೂಟಿಗೆ ಸ್ವಂತ ತರಂಗವಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅದೇ ಸಂಜೆಗೆ ವಿಮಾನವನ್ನೋ ರೈಲನ್ನೋ ಕಾಯ್ದಿರಿಸಬೇಡಿ. 3ಕ್ಕೆ ಶುರುವಾಗುವ ರೇಸು 5ರ ಒಳಗೆ ಮುಗಿಯುತ್ತದೆಂಬ ಲೆಕ್ಕ ಸ್ಪಾದಲ್ಲಿ ಪೂರ್ತಿ ತಲೆಕೆಳಗಾಯಿತು. ಸರ್ಕ್ಯೂಟಿನಿಂದ ಹೊರಡುವ ಕೊನೆಯ ಬಸ್ಸು ಎಷ್ಟು ಗಂಟೆಗೆ, ರೇಸು ತಡವಾದರೆ ಅದು ಕಾಯುತ್ತದೆಯೇ ಎಂದು ಬೆಳಗ್ಗೆ ಇಳಿಯುವಾಗಲೇ ಕೇಳಿ.

ಸ್ವಂತ ಕಾರಾದರೆ ಕೆಸರಿಗೆ ಸಿದ್ಧವಾಗಿ. ಪಾರ್ಕಿಂಗ್ ಹೆಚ್ಚಾಗಿ ಹುಲ್ಲುಗದ್ದೆ. ಬೆಳಗ್ಗೆ ಗಟ್ಟಿಯಿದ್ದ ನೆಲ ನೂರಾರು ಚಕ್ರ ಉರುಳಿದ ಮೇಲೆ ಸಂಜೆಗೆ ರಾಡಿ. ಕಾರಿನ ಮೂತಿ ಹೊರದಾರಿಯ ಕಡೆಗಿರುವಂತೆ, ಸಾಧ್ಯವಾದಷ್ಟು ಎತ್ತರದಲ್ಲಿ ನಿಲ್ಲಿಸಿ. ಹೊರಡುವಾಗ ಎರಡನೇ ಗೇರಿನಲ್ಲಿ ನಿಧಾನವಾಗಿ ಎತ್ತಬೇಕು. ಚಕ್ರ ಸುಮ್ಮನೆ ತಿರುಗತೊಡಗಿದ ತಕ್ಷಣ ಆಕ್ಸಿಲರೇಟರ್ ಬಿಡಿ; ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಎಳೆಯಲು ಟ್ರ್ಯಾಕ್ಟರ್ ಬಂದಾಗ ಕೊಕ್ಕೆ ಹುಡುಕುತ್ತ ಕೂರುವವರೇ ಹೆಚ್ಚು. ಈಗಿನ ಹಲವು ಕಾರುಗಳಲ್ಲಿ ಅದು ಡಿಕ್ಕಿಯ ಅಡಿ ಜಾಕಿನ ಜೊತೆ ಇರುತ್ತದೆ, ಬಂಪರಿನ ಪುಟ್ಟ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಎಷ್ಟೋ ಕಾರುಗಳಲ್ಲಿ ಅದರ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಹೊರಡುವ ಮುನ್ನ ಮನೆಯಂಗಳದಲ್ಲೇ ಒಮ್ಮೆ ಹಾಕಿ ನೋಡಿ.