ಸೀಟಿ ಊದದ ಕೋಚ್
ಮಗನಿಗೆ 9 ವರ್ಷ. ಸೀಟಿ ಕೇಳಿದರೆ ಕಿವಿ ಮುಚ್ಚಿ ಕೂತುಬಿಡುತ್ತಾನೆ. ಹಿಂದಿನ ಶಿಬಿರದವರು ಎರಡೇ ವಾರಕ್ಕೆ 'ಇವನಿಗೆ ಆಗಲ್ಲ' ಅಂದಿದ್ದರು. ಈ ಫುಟ್‌ಬಾಲ್ ತರಗತಿಯಲ್ಲಿ ಕೋಚ್ ಸೀಟಿ ಜೇಬಿಗಿಟ್ಟು ಹಳದಿ ಬಾವುಟ ಎತ್ತುತ್ತಾರೆ. ಅಷ್ಟೇ! ಮೂರು ವಾರ ಅವನು ಗೆರೆಯಾಚೆ ಸುಮ್ನೆ ನಿಂತು ನೋಡಿದ. ಯಾರೂ ಎಳೆಯಲಿಲ್ಲ. ನಾಲ್ಕನೇ ವಾರ ತಾನೇ ಒಳಗೆ ಹೋದ. ತಂಡ ಮಾಡುವುದೂ ಕೋಚೇ, ಮಕ್ಕಳಲ್ಲ. ಹಾಗಾಗಿ ಯಾರಿಗೂ ಬೇಡದೆ ಕೊನೆಗೆ ಉಳಿಯುವವರಿಲ್ಲ. (ಚಿಕ್ಕಂದಿನಲ್ಲಿ ಹಾಗೆ ಉಳಿಯುತ್ತಿದ್ದವನು ನಾನೇ.) ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಸ್ಪೋರ್ಟ್ಸ್‌ನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುತ್ತಾರಲ್ವಾ, ಇಲ್ಲೂ ಹಾಗೆ ಎಲ್ಲರೂ ಬೆರೆತೇ ಆಡುತ್ತಾರೆ. ದೂರು ಇಲ್ಲದಿಲ್ಲ. ಒಬ್ಬ ಕೋಚ್‌ಗೆ 16 ಮಕ್ಕಳು ಜಾಸ್ತಿಯೇ. ಸಮಯ ಬದಲಾದರೆ ಮುಂಚೆ ಹೇಳುವುದೂ ಇಲ್ಲ. ಅಂಥ ದಿನ ಮಗನನ್ನು ಸಮಾಧಾನ ಮಾಡುವಷ್ಟರಲ್ಲಿ ರಾತ್ರಿಯಾಗುತ್ತದೆ.