ರಾಬೆನ್ ದ್ವೀಪದ ಪ್ರವಾಸ: ಆಟದ ಕಥೆ ಬೇಕಿದ್ದರೆ ಕೇಳಿಯೇ ಪಡೆಯಬೇಕು

ವರ್ಣಭೇದದ ಕಾಲದಲ್ಲಿ ಮಂಡೇಲಾರಂಥ ರಾಜಕೀಯ ಕೈದಿಗಳನ್ನು ಇಟ್ಟಿದ್ದ ಜೈಲು ಇರುವ ಈ ದ್ವೀಪಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಂದರಿನ ನೆಲ್ಸನ್ ಮಂಡೇಲಾ ಗೇಟ್‌ವೇಯಿಂದ ಹೋಗಿಬರಲು ಸುಮಾರು ಮೂರೂವರೆ ಗಂಟೆ ಬೇಕು. ಜೋರು ಗಾಳಿಯಿದ್ದರೆ ದೋಣಿ ಬಿಡುವುದಿಲ್ಲ. ಆದ್ದರಿಂದ ಊರು ಬಿಡುವ ಕೊನೆಯ ದಿನಕ್ಕೆ ಟಿಕೆಟ್ ಇಟ್ಟುಕೊಳ್ಳಬೇಡಿ. ಮುಂಗಡ ಬುಕಿಂಗ್ ಮಾಡಿ, ಅರ್ಧ ಗಂಟೆ ಮೊದಲೇ ತಲುಪಿ.

ದ್ವೀಪದಲ್ಲಿ ಬಸ್ಸಿಗೊಬ್ಬ ಗೈಡ್, ಜೈಲಿಗೆ ಇನ್ನೊಬ್ಬರು. ಜೈಲು ತೋರಿಸುವವರು ಹಿಂದೆ ಅಲ್ಲೇ ಇದ್ದ ರಾಜಕೀಯ ಕೈದಿ. ಈ ಪ್ರವಾಸದ ನಿಜವಾದ ಬೆಲೆ ಇರುವುದೂ ಅವರಲ್ಲೇ. ಎಲ್ಲರೂ ಮಂಡೇಲಾ ಕೋಣೆಯ ಫೋಟೋಕ್ಕೆ ಮುಗಿಬಿದ್ದಿರುವಾಗ ನೀವು ಡೆನಿಸ್ ಬ್ರೂಟಸ್ ಬಗ್ಗೆ ಕೇಳಿ. ಬಿಳಿಯರ ತಂಡವನ್ನಷ್ಟೇ ಕಳಿಸುವ ದೇಶವನ್ನು ಒಲಿಂಪಿಕ್ಸ್‌ನಿಂದ ಹೊರಗಿಡಬೇಕೆಂದು ಸಂಘಟನೆ ಕಟ್ಟಿದ ಕವಿ ಆತ. 1963ರಲ್ಲಿ ತಪ್ಪಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡು ತಿಂದು, ಆಮೇಲೆ ಇಲ್ಲಿ ಕಲ್ಲು ಒಡೆದರು. 1964ರ ಟೋಕಿಯೋ ಒಲಿಂಪಿಕ್ಸ್‌ನಿಂದ ದಕ್ಷಿಣ ಆಫ್ರಿಕಾ ಹೊರಬಿದ್ದ ಸುದ್ದಿ ಬಂದಾಗ ಅವರು ಇದೇ ಗೋಡೆಗಳೊಳಗಿದ್ದರು. 1970ರಲ್ಲಿ ಒಲಿಂಪಿಕ್ ಸಮಿತಿ ಆ ದೇಶವನ್ನು ಪೂರ್ತಿ ಉಚ್ಚಾಟಿಸಿತು.

ಎರಡನೆಯ ಪ್ರಶ್ನೆ ಕೈದಿಗಳೇ ಕಟ್ಟಿಕೊಂಡ ಮಕಾನಾ ಫುಟ್‌ಬಾಲ್ ಅಸೋಸಿಯೇಷನ್ ಬಗ್ಗೆ ಇರಲಿ. ವರ್ಷಗಟ್ಟಲೆ ಬೇಡಿಕೆ ಇಟ್ಟು ಆಡುವ ಅನುಮತಿ ಪಡೆದ ಕೈದಿಗಳು ಫಿಫಾ ನಿಯಮದ ಪ್ರಕಾರವೇ ಲೀಗ್ ನಡೆಸಿದರು. ರೆಫರಿಯ ಮೇಲಿನ ದೂರು, ಶಿಸ್ತು ಕ್ರಮ ಎಲ್ಲವೂ ಬರವಣಿಗೆಯಲ್ಲೇ. ಫಿಫಾ 1976ರಲ್ಲಿ ದಕ್ಷಿಣ ಆಫ್ರಿಕಾವನ್ನು ಹೊರಹಾಕಿತು. 2007ರಲ್ಲಿ ಈ ಕೈದಿಗಳ ಸಂಘಕ್ಕೆ ಗೌರವ ಸದಸ್ಯತ್ವ ಕೊಟ್ಟಿತು. ಗೈಡ್‌ಗಳು ಬೇರೆಬೇರೆ ಕಾಲದಲ್ಲಿ ಜೈಲಿನಲ್ಲಿದ್ದವರು. ಆದ್ದರಿಂದ ಯಾವ ವರ್ಷಗಳಲ್ಲಿ ಇದ್ದಿರಿ ಎಂದು ಮೊದಲು ಕೇಳಿಕೊಂಡರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಗೊತ್ತಾಗುತ್ತದೆ.

ಕೊರತೆ ಸಮಯದ್ದು. ಜೈಲಿನ ಭಾಗ ಮುಗಿದದ್ದೇ ಗೊತ್ತಾಗುವುದಿಲ್ಲ, ದೋಣಿಯ ಅವಸರ ಶುರುವಾಗುತ್ತದೆ. ವರ್ಣಭೇದದ ವಿರುದ್ಧದ ಕ್ರೀಡಾ ಬಹಿಷ್ಕಾರದಲ್ಲಿ ದ್ವೀಪದ ಹೊರಗೆ ನಡೆದ ಕಥೆಯನ್ನು ಓದಿಕೊಂಡೇ ಹೋಗಬೇಕು: 1974ರ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಭಾರತ ಆಡಲು ಒಪ್ಪದೆ ಕಪ್ಪನ್ನೇ ಬಿಟ್ಟುಕೊಟ್ಟದ್ದು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ 20ಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಹಿಂದೆ ಸರಿದದ್ದು. ಆ ಸಿಟ್ಟಿಗೆ ಕಾರಣ ನ್ಯೂಜಿಲೆಂಡ್ ರಗ್ಬಿ ತಂಡದ ದಕ್ಷಿಣ ಆಫ್ರಿಕಾ ಪ್ರವಾಸ; ರಗ್ಬಿ ಆಗ ಒಲಿಂಪಿಕ್ಸ್‌ನಲ್ಲೇ ಇರಲಿಲ್ಲ!

ಮರಳುವ ದೋಣಿಯಲ್ಲಿ ನಗರದ ಕಡೆಗೆ ಮುಖ ಮಾಡಿ ಕೂತುಕೊಳ್ಳಿ. ಎದುರಿನ ಸಿಗ್ನಲ್ ಹಿಲ್, ಬಿಳಿಯನಲ್ಲದ ಕ್ರಿಕೆಟಿಗ ಬೇಸಿಲ್ ಡಿ'ಒಲಿವೆರಾ ಬೆಳೆದ ಜಾಗ. 1968ರಲ್ಲಿ ಓವಲ್‌ನಲ್ಲಿ 158 ರನ್ ಹೊಡೆದ ಈತ ಇಂಗ್ಲೆಂಡ್ ತಂಡದಲ್ಲಿರುವುದು ಬೇಡವೆಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಹಟ ಹಿಡಿದದ್ದಕ್ಕೇ ಇಂಗ್ಲೆಂಡಿನ ದಕ್ಷಿಣ ಆಫ್ರಿಕಾ ಪ್ರವಾಸ ರದ್ದಾಯಿತು.